ಬಟ್ಟೆ ಒಗೆಯಲು ವಿಮಾನ ಹತ್ತಿದವರು

ಅಮ್ಮ ವಿಮಾನ ಹತ್ತುವುದಿಲ್ಲ ಎಂದು ಕುಳಿತದ್ದಕ್ಕೆ ನಾನೇ ಕಾರಣ ಎಂದು ತಂಗಿ ಈಗಲೂ ಹೇಳುತ್ತಾಳೆ. ಕೇಳಿದ್ದನ್ನು ಕೇಳಿದ ಹಾಗೆ ಕನ್ನಡಕ್ಕೆ ತಂದದ್ದು ಬಿಟ್ಟರೆ ನಾನು ಬೇರೇನೂ ಮಾಡಿರಲಿಲ್ಲ. ಅಮೆರಿಕದಲ್ಲಿ ಔಷಧಿ ತಯಾರಿಸುವ ಕಂಪನಿಯೊಂದರಲ್ಲಿ ದಾಖಲೆಗಳನ್ನು ಓದಿ, ಒಂದು ಪದವೂ ಹೆಚ್ಚು ಕಡಿಮೆ ಆಗದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಸಂಜೆ ರೈಲಿನಲ್ಲಿ ವಾಲ್ನಟ್ ಕ್ರೀಕ್‌ಗೆ ಮರಳುವಾಗ ಛತ್ರಿಯನ್ನು ಬಿಟ್ಟು ಬಂದದ್ದುಂಟು, ಈ ಅಭ್ಯಾಸವನ್ನು ಬಿಟ್ಟು ಬರಲು ಮಾತ್ರ ಆಗಿಲ್ಲ.

ಅಮ್ಮ ಮಂಡ್ಯದ ಹತ್ತಿರದ ಹಳ್ಳಿಯವಳು. ಅಪ್ಪ ತೀರಿಕೊಂಡ ಮೇಲೆ ಮೈಸೂರಿನಲ್ಲಿ ತಂಗಿಯ ಮನೆಯಲ್ಲಿದ್ದಾಳೆ. ಆಗಸ್ಟಿನಲ್ಲಿ ಆರು ತಿಂಗಳ ಮಟ್ಟಿಗೆ ನನ್ನ ಬಳಿ ಬಂದಳು. ಫೆಬ್ರವರಿಯ ನಡುವಿನಲ್ಲಿ ಹಿಂತಿರುಗುವ ಟಿಕೆಟ್ಟು ಇತ್ತು. ಮಾರ್ಚಿನ ಮೊದಲ ವಾರ ತಂಗಿಗೆ ಹೆರಿಗೆಯ ದಿನ ಕೊಟ್ಟಿದ್ದರು. ಚೊಚ್ಚಲು. ಬಾಣಂತನಕ್ಕೆ ಅಮ್ಮ ಬೇಕೇ ಬೇಕು. ಖಾರದ ಪುಡಿಯಿಂದ ಹಿಡಿದು ಮಗುವಿಗೆ ಸುತ್ತುವ ಹಳೇ ಸೀರೆಯವರೆಗೆ ಎಲ್ಲವನ್ನೂ ಫೋನಿನಲ್ಲಿ ಅವರಿಬ್ಬರೂ ತೀರ್ಮಾನಿಸಿ ಆಗಿತ್ತು.

ನಮ್ಮ ಅಪಾರ್ಟ್‌ಮೆಂಟಿನ ಕೆಳಮನೆಯಲ್ಲಿ ಎಂಬತ್ತು ವರ್ಷದ ಒಬ್ಬ ಅಮೆರಿಕನ್ ಹೆಂಗಸು ಒಬ್ಬರೇ ಇದ್ದಾರೆ. ಬಾಗಿಲ ಪಕ್ಕದಲ್ಲಿ ಒಂದು ಅರ್ಧ ಪೀಪಾಯಿಯಲ್ಲಿ ನಿಂಬೆ ಗಿಡ ಬೆಳೆಸಿದ್ದಾರೆ. ಮೂರು ವರ್ಷದಲ್ಲಿ ನನಗೂ ಅವರಿಗೂ ಆದ ಒಟ್ಟು ಮಾತುಕತೆ, ಗುಡ್ ಮಾರ್ನಿಂಗುಗಳನ್ನು ಬಿಟ್ಟರೆ, ಒಂದು ಪಾರ್ಸೆಲ್ಲಿನ ಬಗ್ಗೆ. ಅಮ್ಮ ಬಂದ ಮೂರನೆಯ ವಾರಕ್ಕೆ ಅವರ ಯಾವ ಮಂಡಿಗೆ ಆಪರೇಷನ್ ಆಗಿದೆ, ಗಂಡ ಹೋಗಿ ಎಷ್ಟು ವರ್ಷವಾಯಿತು, ಮಗ ಯಾಕೆ ಫೋನು ಮಾಡುವುದಿಲ್ಲ ಎಂಬುದೆಲ್ಲ ನಮ್ಮ ಮನೆಯಲ್ಲಿ ಗೊತ್ತಿತ್ತು. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಅವರಿಗೆ ಕನ್ನಡ ಬರುವುದಿಲ್ಲ. ಅಂಚೆಪೆಟ್ಟಿಗೆಗಳ ಪಕ್ಕದ ಬೆಂಚಿನಲ್ಲಿ ಕೂತು, ಒಬ್ಬೊಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ, ಸರದಿ ತಪ್ಪದೆ ಮಾತಾಡುತ್ತಿದ್ದರು. ನಿಂಬೆಹಣ್ಣು ಮೇಲೆ ಬರುತ್ತಿತ್ತು, ಚಿತ್ರಾನ್ನ ಕೆಳಗೆ ಹೋಗುತ್ತಿತ್ತು.

ಜನವರಿಯಲ್ಲಿ ಒಂದು ಶನಿವಾರ ಅವರು ನಮ್ಮಿಬ್ಬರನ್ನೂ ಕಾಫಿಗೆ ಕರೆದರು. ಗೋಡೆಯ ಶೆಲ್ಫಿನ ಮೇಲೆ ಮೂವರು ಯುವಕರ ಮೂರು ಫೋಟೋ ಇದ್ದವು. ಒಬ್ಬನಿಗೆ ದಪ್ಪ ಕಪ್ಪು ಫ್ರೇಮಿನ ಕನ್ನಡಕ, ಒಬ್ಬ ಇನ್ನೂ ಮೀಸೆ ಬಲಿಯದ ಹುಡುಗ, ಒಬ್ಬ ತುಂಬು ದೇಹದ, ಕ್ಯಾಮೆರಾದ ಆಚೆ ಇರುವವರನ್ನೂ ನಗಿಸುವ ಮುಖದವ. ಮುಂದೆ ಮೂರು ಮೋಂಬತ್ತಿ. ಪಕ್ಕದಲ್ಲಿ ಗಾಜಿನ ಚೌಕಟ್ಟಿನೊಳಗೆ ಹರಿಯದ ಒಂದು ಟಿಕೆಟ್ಟು.

“ಮಕ್ಳಾ?” ಎಂದು ಅಮ್ಮ ನನ್ನನ್ನು ಕೇಳಿದಳು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರ ಹಾಗೆ ಇಲ್ಲ ಎಂದೂ ಸೇರಿಸಿದಳು.

ಮಕ್ಕಳಲ್ಲ, ಹಾಡುಗಾರರು. ಐವತ್ತರ ದಶಕದ ಕೊನೆ, ರಾಕ್ ಅಂಡ್ ರೋಲ್ ಎಂಬ ಸಂಗೀತ ಇನ್ನೂ ಹೊಸದು. ಚಳಿಗಾಲದಲ್ಲಿ, ಅಮೆರಿಕದ ನಡುಭಾಗದ ಹಿಮದ ಊರುಗಳಲ್ಲಿ, ಇವರೆಲ್ಲ ಬಸ್ಸಿನಲ್ಲಿ ಊರಿಂದೂರಿಗೆ ಹೋಗಿ ಹಾಡುತ್ತಿದ್ದರು. ಬಸ್ಸಿನ ಹೀಟರು ಕೆಟ್ಟಿತ್ತು. ಡ್ರಮ್ ಬಾರಿಸುವವನು ಕಾಲು ಹಿಮಕ್ಕೆ ಮರಗಟ್ಟಿ ಆಸ್ಪತ್ರೆ ಸೇರಿದ್ದ. ಕನ್ನಡಕದವನಿಗೆ ಸಾಕಾಗಿ, ಮುಂದಿನ ಊರಿಗೆ ಎಲ್ಲರಿಗಿಂತ ಮೊದಲು ತಲುಪಲು ಒಂದು ಪುಟ್ಟ ವಿಮಾನ ಗೊತ್ತು ಮಾಡಿದ. ದೊಡ್ಡ ಮೈಯವನಿಗೆ ಜ್ವರ ಇದ್ದುದರಿಂದ ಇನ್ನೊಬ್ಬ ತನ್ನ ಜಾಗ ಬಿಟ್ಟುಕೊಟ್ಟ. ಚಿಕ್ಕ ಹುಡುಗ ನಾಣ್ಯ ಚಿಮ್ಮಿ ಜಾಗ ಗೆದ್ದ. ನಡುರಾತ್ರಿ ದಾಟಿದ ಮೇಲೆ ಹೊರಟ ವಿಮಾನ ಕೆಲವೇ ನಿಮಿಷದಲ್ಲಿ ಹಿಮ ಮುಚ್ಚಿದ ಹೊಲದಲ್ಲಿ ಬಿತ್ತು. ಆ ಮುಂದಿನ ಊರು ನಮ್ಮ ನೆರೆಯಾಕೆಯದು. ಅವರಿಗಾಗ ಹದಿನಾಲ್ಕು ವರ್ಷ. ಆ ದಿನ ಸಂಜೆಯ ಕಾರ್ಯಕ್ರಮ ನಿಲ್ಲಲಿಲ್ಲ. ಊರಿನ ಹುಡುಗರನ್ನೇ ಸೇರಿಸಿ ನಡೆಸಿದರು. ಇವರು ಬಾಗಿಲವರೆಗೆ ಹೋಗಿ, ಒಳಗೆ ಹೋಗಲು ಮನಸ್ಸಾಗದೆ, ಹೊರಗೇ ನಿಂತು ವಾಪಸು ಬಂದರು. ಟಿಕೆಟ್ಟು ಹರಿಯದೆ ಉಳಿಯಿತು. ಅಂದಿನಿಂದ ಪ್ರತಿ ಫೆಬ್ರವರಿ ಮೂರಕ್ಕೆ ಮೋಂಬತ್ತಿ ಹಚ್ಚಿ ಅವರ ರೆಕಾರ್ಡು ಹಾಕುತ್ತಾರೆ. ಮೊದಲು ಹತ್ತು ಹದಿನೈದು ಜನ ಸೇರುತ್ತಿದ್ದರಂತೆ. ಕಳೆದ ವರ್ಷ ಇವರೊಬ್ಬರೇ.

ಇದನ್ನೆಲ್ಲ ನಾನು ವಾಕ್ಯ ವಾಕ್ಯವಾಗಿ ಅಮ್ಮನಿಗೆ ಹೇಳಿದೆ. ಹೀಟರನ್ನೂ ಬಿಡಲಿಲ್ಲ.

“ಮುಂಚೆ ಹೋಗಿ ಏನ್ಮಾಡ್ಬೇಕಾಗಿತ್ತಂತೆ?” ಎಂದಳು ಅಮ್ಮ.

ಕೇಳಿ ಹೇಳಿದೆ. ಸ್ವಲ್ಪ ನಿದ್ದೆ ಮಾಡುವುದಿತ್ತು, ಬಟ್ಟೆ ಒಗೆಸುವುದಿತ್ತು.

“ಬಟ್ಟೆ ಒಗ್ಯಕಾ? ಬಟ್ಟೆ ಒಗ್ಯಕೆ ಏರೋಪ್ಲೇನ್ ಹತ್ತುದ್ರಾ?”

ನಾನು ತಪ್ಪು ಕೇಳಿಸಿಕೊಂಡಿರಬಹುದೆಂದು ಇನ್ನೊಮ್ಮೆ ವಿಚಾರಿಸಿದೆ. ಸರಿಯಾಗಿಯೇ ಇತ್ತು. ದಿನಾ ವೇದಿಕೆ, ದಿನಾ ಬೆವರು, ಬಸ್ಸಿನಲ್ಲೇ ವಾಸ, ಒಗೆಯಲು ಪುರುಸೊತ್ತೇ ಇರಲಿಲ್ಲ ಎಂದು ನೆರೆಯಾಕೆ ವಿವರಿಸಿದರು. ಅಮ್ಮ ಕಾಫಿ ಕೆಳಗಿಟ್ಟು ಮೂರೂ ಫೋಟೋಗಳ ಅಂಗಿಯ ಕಾಲರನ್ನು ಹತ್ತಿರದಿಂದ ನೋಡಿದಳು. ಆಮೇಲೆ ವಿಮಾನ ಓಡಿಸುತ್ತಿದ್ದವನು ಏನಾದ ಎಂದು ಕೇಳಿದಳು. ಅವನೂ ಹೋದ, ಇಪ್ಪತ್ತೊಂದು ವರ್ಷದ ಹುಡುಗ ಎಂದು ಉತ್ತರ ಬಂತು.

“ಮತ್ತೆ ಅವನ್ ಪಟ ಎಲ್ಲಿ?”

ಇದೊಂದನ್ನು ಮಾತ್ರ ನಾನು ಇಂಗ್ಲಿಷಿಗೆ ತರಲಿಲ್ಲ. ಕಾಫಿ ಕುಡಿಯಲು ಹೋದ ಮನೆಯಲ್ಲಿ ಕೇಳುವ ಮಾತಲ್ಲ ಎನಿಸಿತು. ಕಾಫಿ ಚೆನ್ನಾಗಿದೆ ಎನ್ನುತ್ತಿದ್ದಾಳೆ ಎಂದೆ.

ಮೆಟ್ಟಿಲು ಹತ್ತಿ ಮನೆಗೆ ಬಂದ ಮೇಲೆ ಅಮ್ಮ ಚಪ್ಪಲಿಯನ್ನು ಸಾಲಾಗಿಟ್ಟು, ತುಂಬ ಸಮಾಧಾನದಿಂದ ಹೇಳಿದಳು.

“ನಾನು ಹತ್ತಕಿಲ್ಲ ಕಣ್ಮಗ.”

ಮೊದಲ ಎರಡು ದಿನ ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮೂರನೆಯ ದಿನ ನೋಡಿದರೆ, ಕಟ್ಟಲು ಶುರುಮಾಡಿದ್ದ ಸೂಟ್‌ಕೇಸು ಬಿಚ್ಚಿಕೊಂಡು, ಸೀರೆಗಳು ಮತ್ತೆ ನನ್ನ ಕಪಾಟಿನಲ್ಲಿದ್ದವು. ನಾನು ಲ್ಯಾಪ್‌ಟಾಪ್ ತೆಗೆದು, ಅವರು ಹತ್ತಿದ ವಿಮಾನ ನಾಲ್ಕು ಜನರದ್ದು, ನೀನು ಹತ್ತುವುದು ನೂರಾರು ಜನರದ್ದು ಎಂದು ಎರಡರ ಚಿತ್ರವನ್ನೂ ಅಕ್ಕಪಕ್ಕ ಇಟ್ಟು ತೋರಿಸಿದೆ. ಅಮ್ಮ ಎರಡನ್ನೂ ಗಮನವಿಟ್ಟು ನೋಡಿದಳು.

“ಸಣ್ಣದ್ರಲ್ಲಿ ನಾಲ್ಕು ಜನ ಹೋದ್ರು. ಅಂಗಾರೆ ದೊಡ್ಡದ್ರಲ್ಲಿ ಎಷ್ಟು ಜನ ಹೋಗ್ಬೋದು, ನೀನೇ ಲೆಕ್ಕ ಹಾಕು.”

ಬರುವಾಗ ಬಂದೆಯಲ್ಲ ಎಂದರೆ, ಆಗ ಗೊತ್ತಿರಲಿಲ್ಲ ಎಂದಳು. ಕಾಲ ಬದಲಾಗಿದೆ ಎಂದರೆ, ಚಳಿಗಾಲ ಬದಲಾಗಿದೆಯೇ ಎಂದು ಕೇಳಿದಳು. ವಾಲ್ನಟ್ ಕ್ರೀಕ್‌ನಲ್ಲಿ ಹಿಮ ಬೀಳುವುದೇ ಇಲ್ಲ ಎಂದೆ. ವಿಮಾನ ಇಲ್ಲೇ ನಿಂತಿರುತ್ತದೆಯೇ ಎಂದಳು. ಅಮ್ಮ ಓದಿದ್ದು ಏಳನೆಯ ಕ್ಲಾಸು. ನಾನು ವಿಶ್ವವಿದ್ಯಾಲಯದಲ್ಲಿ ಎರಡು ಪದವಿ ಪಡೆದಿದ್ದೇನೆ. ಆ ವಾರ ಒಂದು ವಾದವನ್ನೂ ಗೆಲ್ಲಲಿಲ್ಲ.

ತಂಗಿಗೆ ಹೇಳಲೇಬೇಕಾಯಿತು. ಫೋನು ಮಾಡಿದೆ.

“ಅಕ್ಕ, ಈ ಡೆಲಿವರಿನ ಪೋಸ್ಟ್‌ಪೋನ್ ಮಾಡೋಕಾಗಲ್ಲ, ಗೊತ್ತಲ್ವಾ?”

“ಅವರು ಹೇಳಿದ್ದನ್ನ ನಾನು ಹೇಳಿದೆ ಅಷ್ಟೇ.”

“ಅವರು ಹೇಳ್ತಾರೆ. ನೀನು ‘ಹಾಡೋ ಹುಡುಗ್ರು ಪಾಪ, ತೀರ್ಕೊಂಡ್ರಂತೆ’ ಅಂದಿದ್ರೆ ಸಾಕಾಗಿತ್ತು. ಹೀಟರು, ಹಿಮ, ನಾಣ್ಯ ಎಲ್ಲ ಯಾಕೆ ಬೇಕಿತ್ತು? ಹತ್ತದ ಹಾಗೆ ಮಾಡಿದವಳು ನೀನು, ನೀನೇ ಹತ್ತಿಸು.”

ಆಮೇಲೆ, ಸ್ವಲ್ಪ ಸಣ್ಣ ದನಿಯಲ್ಲಿ, ತನಗೆ ಹೆದರಿಕೆ ಆಗುತ್ತಿದೆ ಎಂದಳು. ಅದನ್ನು ನಾನು ಅಮ್ಮನಿಗೆ ಹೇಳಲಿಲ್ಲ. ಹೇಳಬೇಕಾದ್ದನ್ನು ಬಿಡುವುದು, ಬಿಡಬೇಕಾದ್ದನ್ನು ಹೇಳುವುದು ಆ ತಿಂಗಳು ನನಗೆ ರೂಢಿಯಾಗಿತ್ತು.

ದಾರಿ ತೋರಿಸಿದ್ದು ಕೊನೆಗೆ ಅಮ್ಮನೇ. ಒಂದು ಬೆಳಿಗ್ಗೆ ರೊಟ್ಟಿ ತಟ್ಟುತ್ತಾ, ಆ ಹುಡುಗರಿಗೆ ಯಾರಾದರೂ ಎಡೆ ಇಟ್ಟಿದ್ದಾರಾ ಎಂದು ಕೇಳಿದಳು.

ನಮ್ಮ ಕಡೆ ಪಿತೃಪಕ್ಷದಲ್ಲಿ ತೀರಿಕೊಂಡ ಹಿರಿಯರಿಗೆ ಎಡೆ ಇಡುತ್ತಾರೆ. ಫೋಟೋ ಮುಂದೆ ಬಾಳೆಲೆ ಹಾಸಿ, ಬದುಕಿದ್ದಾಗ ಅವರಿಗೆ ಇಷ್ಟವಾಗಿದ್ದನ್ನೆಲ್ಲ ಬಡಿಸಿ, ಪಕ್ಕದಲ್ಲಿ ಹೊಸ ಬಟ್ಟೆ ಇಟ್ಟು, ಧೂಪ ಹಾಕಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬರುವುದು. ಹಿರಿಯರು ಬಂದು ಉಂಡು ಹೋಗಲು ಅಷ್ಟು ಸಮಯ ಕೊಡಬೇಕು. ಮರಳಿ ಒಳಗೆ ಹೋಗುವಾಗ ಕೆಮ್ಮಿ ಹೋಗಬೇಕು. ಸೆಪ್ಟೆಂಬರಿನಲ್ಲಿ ನನ್ನ ಅಡುಗೆಮನೆಯ ಕೌಂಟರಿನ ಮೇಲೆ ಅಪ್ಪನಿಗೆ ಎಡೆ ಇಟ್ಟಾಗ, ಮಟನ್ ಸಾರಿನ ಪಕ್ಕದಲ್ಲಿ ಅವರ ಬ್ರಾಂಡಿನ ಸಿಗರೇಟು ಇತ್ತು. ಅದು ಊರಿನಿಂದ ಅಮ್ಮನ ಬ್ಯಾಗಿನಲ್ಲಿ ಬಂದಿತ್ತು.

ಅಮ್ಮನ ಲೆಕ್ಕ ಸರಳವಾಗಿತ್ತು. ಎಳೆ ವಯಸ್ಸು, ಪರಸ್ಥಳ, ಚಳಿ, ಹಸಿವು, ಮೈಮೇಲೆ ಕೊಳೆ ಬಟ್ಟೆ. ಇಂಥವರು ಸುಮ್ಮನೆ ಹೋಗುವುದಿಲ್ಲ, ಮೇಲೆಯೇ ಇರುತ್ತಾರೆ. ಕೆಳಮನೆಯ ಅಮ್ಮ ಇಷ್ಟು ವರ್ಷ ದೀಪ ಹಚ್ಚಿದ್ದಾರೆ ಸರಿ, ದೀಪ ಉಣ್ಣಲಾಗುತ್ತದೆಯೇ?

“ಅವ್ರು ಉಂಡು, ಒಳ್ಳೆ ಬಟ್ಟೆ ಹಾಕಂಡ್ರೆ ನಾನು ಹತ್ತುತೀನಿ. ಹಸ್ಕಂಡವ್ರು ಇರೋ ದಾರೀಲಿ ಹೆಂಗೆ ಹೋಗದು?”

ನಾನು ತಕ್ಷಣ ತಂಗಿಗೆ ಮೆಸೇಜು ಕಳಿಸಿದೆ. ಎಡೆ ಇಟ್ಟರೆ ಹತ್ತುತ್ತಾಳಂತೆ. ‘ಇಡು, ಬೇಕಾದ್ರೆ ಹತ್ತು ಇಡು’ ಎಂದು ಉತ್ತರ ಬಂತು.

ಕೆಳಮನೆಯವರನ್ನು ಕೇಳುವ ಕೆಲಸ ನನ್ನದಾಯಿತು. ಅಪರಿಚಿತರ ಮನೆಯ ಬೆಲ್ಲು ಒತ್ತುವುದಕ್ಕಿಂತ ಪಾರ್ಸೆಲ್ಲನ್ನೇ ಕಳೆದುಕೊಳ್ಳುವ ಜಾತಿ ನಾನು. ಏನು ಹೇಳಬೇಕೆಂದು ಒಂದು ಚೀಟಿಯಲ್ಲಿ ಬರೆದು, ಎರಡು ಸಲ ತಿದ್ದಿ, ಕೆಳಗೆ ಹೋಗಿ ನಿಂಬೆ ಗಿಡದ ಪಕ್ಕ ನಿಂತು ಓದಿದಂತೆ ಹೇಳಿದೆ. ನನ್ನ ತಾಯಿ ನಿಮ್ಮ ಹಾಡುಗಾರರಿಗೆ ಊಟ ಹಾಕಲು ಬಯಸುತ್ತಾರೆ, ಅವರು ತೀರಿಕೊಂಡಿದ್ದಾರೆಂಬುದು ನನ್ನ ತಾಯಿಗೆ ತಿಳಿದಿದೆ.

ಅವರು ಚಶ್ಮದ ಮೇಲಿಂದ ನನ್ನನ್ನು ನೋಡಿದರು. ಏನೇನು ಅಡುಗೆ ಎಂದು ಕೇಳಿದರು.

ತೊಡಕು ಅಲ್ಲಿಂದ ಶುರುವಾಯಿತು. ಎಡೆಗೆ ಬೇಕಾದ್ದು ಅವರವರಿಗೆ ಇಷ್ಟವಾದ ಊಟ. ಈ ಮೂವರಿಗೆ ಏನು ಇಷ್ಟ? ನೆರೆಯಾಕೆಗೆ ಕನ್ನಡಕದವನ ಗಿಟಾರಿನ ಬಣ್ಣ ಗೊತ್ತಿತ್ತು, ಯಾವ ಹಾಡನ್ನು ಯಾವ ಊರಿನಲ್ಲಿ ರೆಕಾರ್ಡು ಮಾಡಿದರು ಎಂಬುದು ಗೊತ್ತಿತ್ತು. ಏನು ತಿನ್ನುತ್ತಿದ್ದರು ಎಂಬುದು ಗೊತ್ತಿರಲಿಲ್ಲ. ಒಂದು ಕಪಾಟಿನ ತುಂಬ ಪುಸ್ತಕ ಇಟ್ಟುಕೊಂಡು ಒಂದು ಊಟ ಗೊತ್ತಿಲ್ಲವಲ್ಲ ಎಂದು ಅವರಿಗೆ ನಿಜಕ್ಕೂ ನಾಚಿಕೆಯಾಯಿತು. ಅಮ್ಮ ಸಮಾಧಾನ ಮಾಡಿದಳು. ಆ ವಯಸ್ಸಿನ ಹುಡುಗರು ಕೋಳಿ ಬೇಡ ಎನ್ನುವುದನ್ನು ತಾನು ಎಲ್ಲೂ ಕಂಡಿಲ್ಲ ಎಂದಳು. ಕೋಳಿ ಸಾರು, ಮುದ್ದೆ, ಅನ್ನ, ವಡೆ, ಕಜ್ಜಾಯ. ನೆರೆಯಾಕೆ, ತಮ್ಮ ಊರಿನ ಕಡೆ ಹುಟ್ಟಿದರೂ ಸತ್ತರೂ ಮಾಡುವ ಹಾಟ್‌ಡಿಶ್ ಎಂಬುದನ್ನು ತಾವೂ ಮಾಡುವುದಾಗಿ ಹೇಳಿದರು. ಮಾಂಸ, ಡಬ್ಬಿಯ ಸೂಪು, ಮೇಲೆ ಆಲೂಗಡ್ಡೆ ಹಾಕಿ ಓವನ್ನಿನಲ್ಲಿ ಬೇಯಿಸುವುದು. ಯಾವ ಮಾಂಸ ಎಂದು ಅಮ್ಮ ನನ್ನ ಕಿವಿಯಲ್ಲಿ ಕೇಳಿದಳು. ಅದನ್ನು ಕೋಳಿಗೆ ಬದಲಾಯಿಸಿಕೊಳ್ಳಲು ಅವರು ತಕ್ಷಣ ಒಪ್ಪಿದರು.

ಒಪ್ಪದೆ ಇದ್ದದ್ದು ದಿನದ ವಿಷಯಕ್ಕೆ. ಆ ವರ್ಷ ಫೆಬ್ರವರಿ ಮೂರು ಸೋಮವಾರ ಬಿದ್ದಿತ್ತು. ಅಮ್ಮ ಸೋಮವಾರ ಕೋಳಿ ಮುಟ್ಟುವುದಿಲ್ಲ. ನೆರೆಯಾಕೆ ಇಷ್ಟು ವರ್ಷದಲ್ಲಿ ಒಂದು ಸಲವೂ ದಿನ ಬದಲಾಯಿಸಿದವರಲ್ಲ. ಇಬ್ಬರು ಹಿರಿಯರ ನಡುವೆ ನಿಂತು, ಒಬ್ಬರ ಈಶ್ವರನನ್ನು ಇನ್ನೊಬ್ಬರಿಗೆ, ಇನ್ನೊಬ್ಬರ ಕ್ಯಾಲೆಂಡರನ್ನು ಒಬ್ಬರಿಗೆ ನಾನು ಅರ್ಧ ಗಂಟೆ ಸಾಗಿಸಿದೆ. ಕೊನೆಗೆ ನೆರೆಯಾಕೆ, ವಿಮಾನ ಬಿದ್ದದ್ದು ಮೂರನೆಯ ತಾರೀಕು ಶುರುವಾದ ಮೇಲೆ, ಹಿಂದಿನ ದಿನ ಸಂಜೆ ಅವರೆಲ್ಲ ಇನ್ನೂ ಹಾಡುತ್ತಿದ್ದರು, ಭಾನುವಾರ ಹೇಗೆ ಆಗುತ್ತದೆ ಎಂದು ತಮ್ಮ ಕಷ್ಟ ಹೇಳಿಕೊಂಡರು.

“ಭಾನುವಾರ ಇನ್ನೂ ಹತ್ತಿರ್ಲಿಲ್ವಾ?” ಎಂದಳು ಅಮ್ಮ. “ಅಂಗಾರೆ ಹತ್ತಕ್ ಮುಂಚೆ ಉಣ್ಲಿ ಬುಡು.”

ನಾನು ಹೇಳಿದೆ. ನೆರೆಯಾಕೆ ಕಿಟಕಿಯ ಕಡೆ ತಿರುಗಿ ಕೂತು, ಭಾನುವಾರ ಆಗಬಹುದು ಎಂದರು.

ಉಳಿದದ್ದು ಬಟ್ಟೆ. ಅಂಗಡಿಯಿಂದ ಹೊಸ ಶರ್ಟು ತರುತ್ತೇನೆ ಎಂದರೆ ಅಮ್ಮ ಬೇಡವೆಂದಳು. ಅವರಿಗೆ ಬೇಕಾಗಿದ್ದದ್ದು ಹೊಸ ಬಟ್ಟೆಯಲ್ಲ, ಒಗೆದ ಬಟ್ಟೆ. ನೆರೆಯಾಕೆ ತೀರಿಹೋದ ಗಂಡನ ಶರ್ಟುಗಳ ಒಂದು ಪೆಟ್ಟಿಗೆಯನ್ನು ಕೊಟ್ಟು, ಬೇಕಾದ್ದನ್ನು ಆರಿಸಿಕೊಳ್ಳಿ ಎಂದರು. ಕೆಳಗಿನ ಲಾಂಡ್ರಿ ರೂಮಿನ ಮಷೀನಿನ ಬಗ್ಗೆ ಅಮ್ಮನಿಗೆ ಒಳ್ಳೆಯ ಅಭಿಪ್ರಾಯವಿಲ್ಲ. ನಾನು ಆಫೀಸಿಗೆ ಹೋಗಿದ್ದಾಗ ಸ್ನಾನದ ತೊಟ್ಟಿಯಲ್ಲಿ ಬ್ರಷ್ಷು ಹಾಕಿ ಉಜ್ಜಿದ್ದಾಳೆ.

ಮರುದಿನ ಅಪಾರ್ಟ್‌ಮೆಂಟಿನ ಆಫೀಸಿನಿಂದ ನನಗೊಂದು ಇಮೇಲ್ ಬಂತು. ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವುದು ನಿಯಮಕ್ಕೆ ವಿರುದ್ಧ, ರಸ್ತೆಗೆ ಕಾಣುವಂತೆ ನಾಲ್ಕು ಶರ್ಟುಗಳನ್ನು ನೇತುಹಾಕಲಾಗಿದೆ. ಮೂರು ವರ್ಷದಲ್ಲಿ ಅಲ್ಲಿಂದ ನನಗೆ ಬಂದ ಮೊದಲ ನೋಟೀಸು ಅದು. ಕ್ಷಮಾಪಣೆ ಬರೆಯುವ ಮೊದಲು, ನಾಲ್ಕಲ್ಲ ಮೂರು ಎಂದು ತಿದ್ದುವುದು ಸೂಕ್ತ ಎನಿಸಿತು. ತಪ್ಪು ಸಂಖ್ಯೆ ಇರುವ ದಾಖಲೆಗೆ ಒಪ್ಪಿಗೆ ಕೊಡುವುದು ನನ್ನ ವೃತ್ತಿಯಲ್ಲಿ ಆಗದ ಮಾತು. ಖಚಿತಪಡಿಸಿಕೊಳ್ಳಲು ಮನೆಗೆ ಬಂದು ಬಾಲ್ಕನಿಗೆ ಹೋದೆ. ನಾಲ್ಕು ಇತ್ತು. ನಾಲ್ಕನೆಯದು ನೀಲಿ ಗೆರೆಯದು, ಕಾಲರಿಗೆ ಗಂಜಿ ಬೇರೆ ಹಾಕಿದ್ದಳು.

ಇದು ಯಾರದ್ದು ಎಂದು ಕೇಳಿದೆ.

“ಓಡುಸ್ತಿದ್ದ ಹುಡುಗಂದು. ಅವನೇನು ಕೊಳೇಲೇ ಇರ್ಬೇಕಾ?”

ಭಾನುವಾರ ಸಂಜೆ ಐದು ಗಂಟೆಗೆ ನೆರೆಯಾಕೆಯ ಹಾಲಿನಲ್ಲಿ ಅಮ್ಮ ಎಲೆ ಹಾಸಿದಳು. ಇಂಡಿಯನ್ ಗ್ರಾಸರಿಯ ಫ್ರೀಜರಿನಿಂದ ಬಂದ ಬಾಳೆಲೆ, ನಾಲ್ಕು. ಪ್ರತಿಯೊಂದರ ಪಕ್ಕದಲ್ಲಿ ಇಸ್ತ್ರಿ ಮಾಡಿ ಮಡಿಸಿದ ಒಂದೊಂದು ಶರ್ಟು. ಮೂರು ಎಲೆಗಳ ಹಿಂದೆ ಮೂರು ಫೋಟೋ. ನಾಲ್ಕನೆಯದರ ಹಿಂದೆ ಏನೂ ಇಲ್ಲದಿದ್ದುದರಿಂದ ಅಮ್ಮ ನನ್ನ ಬ್ಯಾಗಿಗೆ ಕೈಹಾಕಿ, ಕಾರಿನ ಕೀ ತೆಗೆದು, ಕುಂಕುಮ ಇಟ್ಟು ಅಲ್ಲಿ ಇಟ್ಟಳು.

ನೆರೆಯಾಕೆ ಹಾಟ್‌ಡಿಶ್ಶಿನ ಬಿಸಿ ಪಾತ್ರೆ ಹಿಡಿದು ಬಂದವರು ಎಲೆಗಳನ್ನು ಎಣಿಸಿ ನಿಂತರು. ನಾಲ್ಕನೆಯದು ನಿಮ್ಮ ತಂದೆಯವರಿಗೇ ಎಂದು ನನ್ನನ್ನು ಕೇಳಿದರು. ಆಗ ನಾನು ಎರಡು ವಾರ ತಡವಾಗಿ ಆ ಪ್ರಶ್ನೆಯನ್ನು ಇಂಗ್ಲಿಷಿಗೆ ತಂದೆ. ಅವತ್ತು ಅಮ್ಮ ಕಾಫಿಯ ಬಗ್ಗೆ ಹೇಳಿರಲಿಲ್ಲ, ಪೈಲಟ್ಟನ ಫೋಟೋ ಎಲ್ಲಿ ಎಂದು ಕೇಳಿದ್ದಳು.

ಅವರು ಪಾತ್ರೆಯನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದರು. ನೊಂದುಕೊಂಡರೋ ಏನೋ ಎಂದು ನಾನು ಸುಡುವ ಪಾತ್ರೆ ಹಿಡಿದು ನಿಂತೆ. ಎಡೆ ಕೆಟ್ಟರೆ ಅಮ್ಮ ಹತ್ತುವುದಿಲ್ಲ, ಅಮ್ಮ ಹತ್ತದಿದ್ದರೆ ತಂಗಿ ಒಬ್ಬಳೇ. ಒಳಗಿನಿಂದ ಡ್ರಾಯರುಗಳನ್ನು ಎಳೆಯುವ, ಮುಚ್ಚುವ ಸದ್ದು ಬರುತ್ತಿತ್ತು. ಕೊನೆಗೆ ಅವರು ಬಂದದ್ದು ಮೋಂಬತ್ತಿ ಹಿಡಿದುಕೊಂಡು. ಮನೆಯಲ್ಲಿ ನಾಲ್ಕನೆಯ ಮೋಂಬತ್ತಿ ಎಂದು ಇದ್ದದ್ದು ಅವರ ಎಂಬತ್ತನೆಯ ಹುಟ್ಟುಹಬ್ಬದ ಕೇಕಿನ ಮೇಲಿದ್ದ, 8 ಅಂಕಿಯ ಆಕಾರದ, ಗುಲಾಬಿ ಬಣ್ಣದ್ದು. ಅದನ್ನು ಕಾರಿನ ಕೀ ಪಕ್ಕದಲ್ಲಿ ನಿಲ್ಲಿಸಿ ಹಚ್ಚಿದರು. ಆ ಹುಡುಗನ ಹೆಸರು ತಮಗೆ ಗೊತ್ತಿತ್ತು, ಇಷ್ಟು ವರ್ಷ ಅವನ ಮೇಲೆ ಸಿಟ್ಟಿತ್ತು ಎಂದರು. ಹೇಳಿದ್ದನ್ನು ಹೇಳಿದ ಹಾಗೆ ಅಮ್ಮನಿಗೆ ತಿಳಿಸಿದೆ. ಅಮ್ಮ ನಾಲ್ಕನೆಯ ಎಲೆಗೆ ಇನ್ನೊಂದು ಕಜ್ಜಾಯ ಹಾಕಿದಳು.

ಬಾಗಿಲು ಮುಚ್ಚುವ ಮೊದಲು ನೆರೆಯಾಕೆ ರೆಕಾರ್ಡು ಹಾಕಿ ಬಂದರು. ಮೂವರೂ ಹೊರಗೆ ನಿಂಬೆ ಗಿಡದ ಪಕ್ಕ ನಿಂತೆವು. ಮೇಲೆ ಹೋಗುತ್ತಿದ್ದ, ನಾಯಿ ಹಿಡಿದ ಒಬ್ಬ ಗಂಡಸು, ಮನೆಯೊಳಗೆ ಸಂಗೀತ ಕೇಳಿಸುತ್ತಿದ್ದರೂ ಮೂವರು ಹೆಂಗಸರು ಚಳಿಯಲ್ಲಿ ಹೊರಗೆ ನಿಂತಿರುವುದನ್ನು ನೋಡಿ, ಬೀಗ ಹಾಕಿಕೊಂಡಿತೇ ಎಂದು ಕೇಳಿದ. ಇಲ್ಲ, ಒಳಗೆ ಊಟ ನಡೆಯುತ್ತಿದೆ ಎಂದೆ. ಅದಕ್ಕಿಂತ ಸರಿಯಾದ ಉತ್ತರ ನನಗೆ ಈಗಲೂ ಹೊಳೆದಿಲ್ಲ.

ಕನ್ನಡಕದವನ ಹಾಡು ಬಂತು. ಅವನದ್ದೊಂದು ಧಾಟಿ, ಪದವನ್ನು ನಡುವೆ ಚಕ್ಕನೆ ಮುರಿದು ಮೇಲಕ್ಕೆ ಎಗರಿಸುವುದು. ಅಮ್ಮ ಗಲ್ಲಕ್ಕೆ ಕೈಕೊಟ್ಟು ಕೇಳಿದಳು.

“ಈ ಹುಡುಗನಿಗೆ ಬಿಕ್ಕಳಿಕೆ ಕಣ್ಮಗ. ಯಾರೋ ನೆನೆಸ್ಕತಾವ್ರೆ ಅವನ್ನ.”

ಯಾರಾದರೂ ನೆನೆದರೆ ಬಿಕ್ಕಳಿಕೆ ಬರುತ್ತದೆ ಎಂಬುದು ನಮ್ಮಲ್ಲಿ ನಂಬಿಕೆ ಎಂದು ಸೇರಿಸಿ ನೆರೆಯಾಕೆಗೆ ಹೇಳಿದೆ. ಅವರು ಮೊದಲು ನಕ್ಕರು. ನಕ್ಕವರು ನಗುವುದನ್ನು ನಿಲ್ಲಿಸಲು ಹೋಗಿ ಆಗದೆ, ಗೋಡೆ ಹಿಡಿದುಕೊಂಡು, ಕಣ್ಣು ಒರೆಸಿಕೊಂಡು, ಅದು ನಾನೇ ಎಂದರು. ಹದಿನಾಲ್ಕನೆಯ ವಯಸ್ಸಿನಿಂದಲೂ ನಾನೇ. ಆಮೇಲೆ ಅವರ ಚಪ್ಪಲಿಯ ಹಿಮ್ಮಡಿ ತಾಳ ಹಾಕತೊಡಗಿತು. ಆಪರೇಷನ್ ಆದ ಮಂಡಿ ಎಂದು ಅಮ್ಮ ಅವರ ಮೊಣಕೈ ಹಿಡಿದುಕೊಂಡಳು. ಹಿಡಿದವಳು ಬಿಡಲಿಲ್ಲ, ತಾಳವನ್ನೂ ನಿಲ್ಲಿಸಲಿಲ್ಲ.

ರೆಕಾರ್ಡು ಮುಗಿಯಿತು. ಒಳಗೆ ಸೂಜಿ ಕರಕರ ಎನ್ನುತ್ತಿತ್ತು.

“ಉಂಡಾಯ್ತು,” ಎಂದು ಅಮ್ಮ ಬಾಗಿಲ ಹತ್ತಿರ ಹೋಗಿ ಗಟ್ಟಿಯಾಗಿ ಕೆಮ್ಮಿದಳು. ನೆರೆಯಾಕೆಗೂ ಕೆಮ್ಮುವಂತೆ ಸನ್ನೆ ಮಾಡಿದಳು. ಅವರೂ ಕೆಮ್ಮಿದರು. ಎಲೆಯಲ್ಲಿದ್ದುದನ್ನು ನಾವು ಮೂವರೂ ಉಂಡೆವು. ಹಾಟ್‌ಡಿಶ್ಶಿಗೆ ಸ್ವಲ್ಪ ಹಸಿಮೆಣಸಿನಕಾಯಿ ಬೀಳಬೇಕಾಗಿತ್ತು ಎಂಬ ಅಮ್ಮನ ಮಾತನ್ನು ಚೆನ್ನಾಗಿದೆ ಎಂದು ಅನುವಾದಿಸಿದೆ. ಮುದ್ದೆಯನ್ನು ನೆರೆಯಾಕೆ ಬಹಳ ಹೊತ್ತು ಅಗಿದರು.

ಸೂಟ್‌ಕೇಸು ಮರುದಿನವೇ ಕಟ್ಟಿ ಆಯಿತು. ಆದರೂ ಏರ್‌ಪೋರ್ಟಿಗೆ ಹೋಗುವ ದಿನದವರೆಗೆ ನನಗೆ ನಂಬಿಕೆ ಇರಲಿಲ್ಲ. ಕುಂಕುಮ ಅಂಟಿದ ಕೀಯಿಂದ ಕಾರು ಶುರುಮಾಡಿದೆ. ಕೌಂಟರಿನಲ್ಲಿ ಬ್ಯಾಗು ಒಳಗೆ ಹೋಗಿ, ಬೋರ್ಡಿಂಗ್ ಪಾಸು ಕೈಗೆ ಬಂದ ಮೇಲೆ, ಹೊರಡದೆ ಅಲ್ಲೇ ನಿಂತಳು. ಹಿಂದೆ ಉದ್ದದ ಸಾಲಿತ್ತು.

“ಓಡ್ಸೋನು ಉಂಡವ್ನಾ ಕೇಳು.”

ಅಮ್ಮ, ಹಾಗೆಲ್ಲ ಕೇಳುವುದಕ್ಕೆ ಆಗಲ್ಲ ಎಂದೆ. ಅಮ್ಮ ನನ್ನ ಮುಖ ನೋಡಿದಳು. ಆ ಸಲದ ಕಾಫಿಯ ವಿಷಯ ಅವಳಿಗೆ ಆ ಹೊತ್ತಿಗೆ ಗೊತ್ತಾಗಿತ್ತು.

ಕೌಂಟರಿನಾಕೆಯನ್ನು ಕೇಳಿದೆ. ಒಂದು ಪದವನ್ನೂ ಬಿಡಲಿಲ್ಲ, ಮೆತ್ತಗೆ ಮಾಡಲಿಲ್ಲ. ವಿಮಾನ ಓಡಿಸುವವರ ಊಟ ಆಗಿದೆಯೇ ಎಂದು ನನ್ನ ತಾಯಿ ತಿಳಿಯಬಯಸುತ್ತಾರೆ. ಆಕೆ ಕಂಪ್ಯೂಟರಿನಿಂದ ತಲೆಯೆತ್ತಿ, ಅಮ್ಮನನ್ನು ನೋಡಿ, ಗಂಭೀರವಾಗಿ ಉತ್ತರಿಸಿದರು. ಅವರಿಗೆ ಊಟ ಇರುತ್ತದೆ. ಒಬ್ಬರಲ್ಲ, ಇಬ್ಬರಿರುತ್ತಾರೆ, ದೂರದ ದಾರಿಯಾದರೆ ಇನ್ನೂ ಹೆಚ್ಚು. ಇಬ್ಬರಿಗೂ ಬೇರೆ ಬೇರೆ ಊಟ ಕೊಡುವುದೂ ಉಂಟು, ಒಂದು ಕೆಟ್ಟಿದ್ದರೆ ಇನ್ನೊಬ್ಬರು ಚೆನ್ನಾಗಿರಲಿ ಎಂದು.

ಅದನ್ನು ಕೇಳಿ ಅಮ್ಮನ ಮುಖ ಅರಳಿತು. ನಾನು ತೋರಿಸಿದ ಚಿತ್ರ, ಹೇಳಿದ ವಿಜ್ಞಾನ ಯಾವುದರಲ್ಲೂ ಇಂಥ ಬುದ್ಧಿವಂತಿಕೆಯನ್ನು ಅವಳು ಕಂಡಿರಲಿಲ್ಲ. ಕೈಚೀಲದಿಂದ ಕಜ್ಜಾಯದ ಒಂದು ಪೊಟ್ಟಣ ತೆಗೆದು ಆಕೆಗೆ ಕೊಟ್ಟು, ಸೆಕ್ಯೂರಿಟಿಯ ಕಡೆಗೆ ನಡೆದಳು. ಚಪ್ಪಲಿ ಬಿಚ್ಚಿ ಟ್ರೇಯಲ್ಲಿ ಸಾಲಾಗಿ ಇಟ್ಟದ್ದು ಕಾಣಿಸಿತು.

ಎರಡು ದಿನದ ಮೇಲೆ ತಂಗಿಯ ಮೆಸೇಜು ಬಂತು. ‘ಬಂದ್ಲು. ಬಾಣಂತಿ ಖಾರ ಕುಟ್ತಾ ಇದ್ದಾಳೆ. ಕೊನೇ ಫ್ಲೈಟಲ್ಲಿ ಕನ್ನಡ ಬರೋ ಏರ್‌ಹೋಸ್ಟೆಸ್ ಹುಡುಗಿ ಸಿಕ್ಕಿದ್ಲಂತೆ, ಅವಳನ್ನ ಕೇಳಿದ್ಲಂತೆ. ಡ್ರೈವರ್‌ಗಳಿಬ್ರೂ ಉಂಡಿದ್ರಂತೆ, ನಿಂಗೆ ಹೇಳ್ಬೇಕಂತೆ.’

ಕೆಳಗೆ ಹೋಗಿ, ಚೀಟಿ ಬರೆದುಕೊಳ್ಳದೆ, ನೆರೆಯಾಕೆಯ ಬೆಲ್ಲು ಒತ್ತಿ ಅದನ್ನು ಹಾಗೆಯೇ ಹೇಳಿದೆ.